ನಮ್ಮ ಏರಿಯಾದ ಪಾರ್ಕ್ ಯಾರದ್ದು, ಯಾರನ್ನು ಕೇಳಬೇಕು? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಆರೂವರೆಗೆ ನಮ್ಮ ಪಾರ್ಕ್‌ನ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತರೆ ದಿನಕ್ಕೆ ಒಬ್ಬರಾದರೂ ಬಂದು ಕೇಳುತ್ತಾರೆ: "ಸಾರ್, ಇದನ್ನ ಯಾರಿಗೆ ಹೇಳ್ಬೇಕು?" ದೀಪ ಕೆಟ್ಟಿರುತ್ತದೆ, ಇಲ್ಲ ಕಾಂಪೌಂಡ್ ಬಿದ್ದಿರುತ್ತದೆ, ಇಲ್ಲ ಮೂಲೆಯಲ್ಲಿ ಯಾರೋ ಶೀಟ್ ಹಾಕಿಕೊಂಡಿರುತ್ತಾರೆ. ನಿವಾಸಿಗಳ ಸಂಘದ ಕೆಲಸಕ್ಕೆ ಅಂತ ಹತ್ತು ವರ್ಷ ಕಚೇರಿ ಸುತ್ತಿದ ಮೇಲೆ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲು ಆ ಜಾಗದ ಕಾಗದ ಹುಡುಕಿ, ಆಮೇಲೆ ದೂರು ಬರೆಯಿರಿ. ಯಾಕೆ ಅನ್ನುವುದು ಕೆಳಗಿನ ಉತ್ತರಗಳಲ್ಲಿದೆ.

ಬೆಂಗಳೂರಿನ ಪಾರ್ಕ್‌ಗಳೆಲ್ಲ ಪಾಲಿಕೆಯದ್ದೇ ಅಲ್ವಾ?

ಅಲ್ಲ. ನಿಮ್ಮ ಬಡಾವಣೆಯ ಒಳಗಿನ ಸಣ್ಣ ಪಾರ್ಕ್ ಬಹುಮಟ್ಟಿಗೆ ನಗರ ಪಾಲಿಕೆಯದ್ದು. ಅಂಥವು ಊರಿನಲ್ಲಿ ಸಾವಿರಕ್ಕೂ ಹೆಚ್ಚಿವೆ. ಬಸವನಗುಡಿಯ ಕೃಷ್ಣರಾವ್ ಪಾರ್ಕ್, ಮತ್ತಿಕೆರೆ ಹತ್ತಿರದ 85 ಎಕರೆಯ ಜೆ.ಪಿ. ಪಾರ್ಕ್ ಕೂಡ ಪಾಲಿಕೆಯ ಲೆಕ್ಕಕ್ಕೇ ಬರುತ್ತವೆ.

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಮಾತ್ರ ರಾಜ್ಯದ ತೋಟಗಾರಿಕೆ ಇಲಾಖೆಯವು. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್ ಈಗ 240 ಎಕರೆ. ಕಬ್ಬನ್ ಪಾರ್ಕ್ 1870ರದ್ದು, ಸರ್ಕಾರಿ ದಾಖಲೆಯಲ್ಲಿ ಅದರ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಇವಕ್ಕೆ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅಂತ ಬೇರೆಯೇ ಕಾನೂನಿದೆ. ಹಾಗಾಗಿ ಲಾಲ್‌ಬಾಗ್ ಬೆಂಚು ಮುರಿದಿದೆ ಅಂತ ಪಾಲಿಕೆಗೆ ದೂರು ಕೊಟ್ಟರೆ ಪ್ರಯೋಜನವಿಲ್ಲ.

ಇನ್ನು ಅರಣ್ಯ ಇಲಾಖೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಕಂದಾಯ ಇಲಾಖೆ ಕೈಯಲ್ಲಿರುವ ಹಸಿರು ಜಾಗಗಳು ಬೇರೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕಾಗದ ನೋಡಿ ಅನ್ನುವುದು.

ಬಿಬಿಎಂಪಿ ಈಗ ಇಲ್ಲವಲ್ಲ, ಯಾರ ಹತ್ತಿರ ಹೋಗಬೇಕು?

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ನಿಮ್ಮ ಪಾರ್ಕ್‌ಗೆ ಬೇಕಾದದ್ದು ನಿಮ್ಮ ಪಾಲಿಕೆಯ ತೋಟಗಾರಿಕೆ ವಿಭಾಗ. ಮೊದಲು ನೀವು ಯಾವ ಪಾಲಿಕೆಗೆ ಸೇರಿದ್ದೀರಿ ಅಂತ ಖಚಿತ ಮಾಡಿಕೊಳ್ಳಿ. ಹಳೇ ವಲಯ ಕಚೇರಿಗೇ ಅರ್ಜಿ ಹಿಡಿದು ಹೋಗಿ ವಾಪಸ್ ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಪಾರ್ಕ್‌ಗೆ ಅಂತ ಜಾಗ ಎಲ್ಲಿಂದ ಬರುತ್ತದೆ?

ಬಡಾವಣೆಯ ನಕ್ಷೆಯಿಂದ. ಬಿಡಿಎ ಹೊಸ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ 15% ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಕನಿಷ್ಠ 10% ನಾಗರಿಕ ಸೌಕರ್ಯಕ್ಕೆ ಮೀಸಲಿಡಬೇಕು ಅಂತ 1976ರ ಬಿಡಿಎ ಕಾಯ್ದೆಯೇ ಹೇಳುತ್ತದೆ. ಖಾಸಗಿಯವರು ಬಡಾವಣೆ ಮಾಡಿದರೂ ನಕ್ಷೆಗೆ ಮಂಜೂರಾತಿ ಸಿಗಬೇಕಾದರೆ ಪಾರ್ಕ್ ಜಾಗ ತೋರಿಸಲೇಬೇಕು. ಅದನ್ನು ಪರಿತ್ಯಾಜನಾ ಪತ್ರದ ಮೂಲಕ ಬಿಟ್ಟುಕೊಡುತ್ತಾರೆ.

ನೀವು ಸೈಟ್‌ಗೆ ಕೊಟ್ಟ ದುಡ್ಡಿನಲ್ಲಿ ಆ ಪಾರ್ಕ್ ಜಾಗದ ಬೆಲೆಯೂ ಸೇರಿದೆ. ಪಾರ್ಕ್ ಸರ್ಕಾರ ಕೊಟ್ಟ ಉಡುಗೊರೆ ಅಂತ ಭಾವಿಸಿ ಕಚೇರಿಯಲ್ಲಿ ಕೈಕಟ್ಟಿ ನಿಲ್ಲುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಅದು ನಾವು ದುಡ್ಡು ಕೊಟ್ಟು ಪಡೆದದ್ದು.

ನಕ್ಷೆಯಲ್ಲಿ ಪಾರ್ಕ್ ಅಂತಿದೆ, ಜಾಗದಲ್ಲಿ ಬರೀ ಪಾರ್ಥೇನಿಯಂ ಬೆಳೆದಿದೆ. ಯಾಕೆ?

ಹೆಚ್ಚಿನ ಸಲ ಕಾರಣ ಒಂದೇ: ಹಸ್ತಾಂತರ ಆಗಿಲ್ಲ. ಬಡಾವಣೆ ಮಾಡಿದವರು ಯಾರೇ ಇರಲಿ, ಬಿಡಿಎ, ಗೃಹ ಮಂಡಳಿ ಅಥವಾ ಗೃಹ ನಿರ್ಮಾಣ ಸಹಕಾರ ಸಂಘ, ರಸ್ತೆ, ಚರಂಡಿ, ಪಾರ್ಕ್‌ಗಳನ್ನು ಪಾಲಿಕೆಗೆ ಬರಹದಲ್ಲಿ ಒಪ್ಪಿಸುವವರೆಗೆ ಪಾಲಿಕೆ ಅಲ್ಲಿ ದುಡ್ಡು ಹಾಕುವುದಿಲ್ಲ. ಒಪ್ಪಿಸಬೇಕಾದವರು ಕೆಲಸ ಮುಗಿಸದೆ ಕಾಲ ತಳ್ಳುತ್ತಾರೆ. ಒಪ್ಪಿಕೊಳ್ಳಬೇಕಾದವರು ಕೆಲಸ ಮುಗಿದಿಲ್ಲ ಅಂತ ಒಪ್ಪಿಕೊಳ್ಳುವುದಿಲ್ಲ. ನಡುವೆ ಜಾಗ ಅನಾಥ. ಪಾರ್ಕ್‌ಗಳು ಕಳೆದುಹೋಗುವುದು ಜಾಸ್ತಿ ಈ ಸಮಯದಲ್ಲೇ. ಆದ್ದರಿಂದ "ಪಾರ್ಕ್ ಮಾಡಿಕೊಡಿ" ಅನ್ನುವ ಮೊದಲು "ಹಸ್ತಾಂತರದ ಪತ್ರದ ಪ್ರತಿ ಕೊಡಿ" ಅಂತ ಕೇಳಿ.

ಸಿ.ಎ. ಸೈಟ್ ಅಂದರೆ ಪಾರ್ಕೇ ತಾನೇ?

ಅಲ್ಲ, ಇಲ್ಲಿ ತುಂಬಾ ಜನ ಎಡವುತ್ತಾರೆ. ಸಿ.ಎ. ಅಂದರೆ ನಾಗರಿಕ ಸೌಕರ್ಯ ನಿವೇಶನ. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಸಮುದಾಯ ಭವನ ಇಂಥದ್ದಕ್ಕೆ ಇಟ್ಟ ಜಾಗ. ಬಿಡಿಎ ಅದನ್ನು ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡಬಹುದು, ಸಾಮಾನ್ಯವಾಗಿ 30 ವರ್ಷಕ್ಕೆ. ಇಪ್ಪತ್ತು ವರ್ಷ ಮಕ್ಕಳು ಆಡಿಕೊಂಡಿದ್ದ ಜಾಗಕ್ಕೆ ಒಂದು ದಿನ ಜೆಸಿಬಿ ಬಂದು ನಿಂತರೆ ಎಲ್ಲರೂ ಗಾಬರಿಯಾಗುತ್ತಾರೆ. ನಕ್ಷೆಯಲ್ಲಿ ಅದು ಸಿ.ಎ. ಅಂತಿದ್ದರೆ ವಾದ ಕಷ್ಟ. ಪಾರ್ಕ್ ಅಂತಿದ್ದರೆ ವಾದ ಗಟ್ಟಿ.

ಪಾರ್ಕ್ ಜಾಗವನ್ನು ಬೇರೆ ಕೆಲಸಕ್ಕೆ ಕೊಡಲು ಬರುತ್ತದಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ತೀರ್ಪು ಹುಟ್ಟಿದ್ದು ಬೆಂಗಳೂರಿನಲ್ಲಿ.

ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್‌ಗೆ ಅಂತ ಮೀಸಲಿಟ್ಟ ಜಾಗವಿತ್ತು. ಅಂದಿನ ಮುಖ್ಯಮಂತ್ರಿಯ ಸೂಚನೆಯ ಮೇಲೆ ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟ್‌ಗೆ ಕೊಡಲಾಯಿತು. ಆಸ್ಪತ್ರೆ ಅಂದರೆ ಒಳ್ಳೆಯ ಕೆಲಸವೇ, ಅಲ್ವಾ? ಆದರೂ ಸುತ್ತಲಿನ ನಿವಾಸಿಗಳು ಕೋರ್ಟ್‌ಗೆ ಹೋದರು. ಹೈಕೋರ್ಟ್‌ನ ವಿಭಾಗೀಯ ಪೀಠ ಅವರ ಮಾತು ಒಪ್ಪಿತು. ಟ್ರಸ್ಟ್‌ನವರು ಮೇಲ್ಮನವಿ ಹಾಕಿದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಪಾರ್ಕ್‌ಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡುವುದು ಕಾನೂನಿಗೆ ವಿರುದ್ಧ ಅಂತ ಹೇಳಿತು. ಅಷ್ಟೇ ಮುಖ್ಯವಾದ ಇನ್ನೊಂದು ಮಾತೂ ಅದರಲ್ಲಿದೆ: ಆ ಬಡಾವಣೆಯಲ್ಲಿ ವಾಸಿಸುವ ಸಾಮಾನ್ಯ ಜನಕ್ಕೆ ಇದನ್ನು ಪ್ರಶ್ನೆ ಮಾಡುವ ಹಕ್ಕಿದೆ. "ನಿಮಗೇನು ಸಂಬಂಧ, ಪಾರ್ಕ್ ನಿಮ್ಮ ಹೆಸರಲ್ಲಿದೆಯಾ?" ಅಂತ ಯಾರಾದರೂ ಕೇಳಿದರೆ ಈ ತೀರ್ಪನ್ನು ನೆನಪಿಸಿ. "ಬೆಂಗಳೂರು ಮೆಡಿಕಲ್ ಟ್ರಸ್ಟ್ ತೀರ್ಪು" ಅಂದರೆ ವಕೀಲರಿಗೆಲ್ಲ ಗೊತ್ತು.

ಬಿಡಿಎ ಕಾಯ್ದೆಯ 38ಎ ಕಲಂ ಕೂಡ ಇದನ್ನೇ ಹೇಳುತ್ತದೆ. ಪಾರ್ಕ್, ಮೈದಾನ, ನಾಗರಿಕ ಸೌಕರ್ಯಕ್ಕೆ ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಆ ವ್ಯವಹಾರ ಅಸಿಂಧು. ಇದರ ಜೊತೆಗೆ 1985ರ ಕರ್ನಾಟಕ ಪಾರ್ಕ್, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆ ಇದೆ. ಆ ಕಾಯ್ದೆಯಲ್ಲಿ ಪಾರ್ಕ್‌ಗಳ ಪಟ್ಟಿ ಮಾಡುವ ವ್ಯವಸ್ಥೆ ಇದೆ. ನಿಮ್ಮ ಪಾರ್ಕ್ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ಹಾಗಂತ ಕಾನೂನೊಂದೇ ಕಾಯುತ್ತದೆ ಅಂತ ಸುಮ್ನೆ ಕೂರುವಂತಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಕಾನೂನಿಗೇ ತಿದ್ದುಪಡಿ ತರಬಹುದು. ಮೆಟ್ರೊಗೆ ಅಂತ ಲಾಲ್‌ಬಾಗ್‌ನ ಅಂಚಿನ ಜಾಗ ಬಿಟ್ಟುಕೊಟ್ಟದ್ದು, 2009ರಲ್ಲಿ ನಂದಾ ರಸ್ತೆಯ ಮರಗಳು ಉರುಳಿದ್ದು ಜಯನಗರದ ಹಳಬರು ಇಂದಿಗೂ ಮರೆತಿಲ್ಲ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗ್‌ನ ಜಾಗ ಬೇಕು ಅಂದಾಗಲೂ ಜನ ಮತ್ತೆ ಬೀದಿಗಿಳಿಯಬೇಕಾಯಿತು.

ಪಾರ್ಕ್ ಮೂಲೆಯಲ್ಲಿ ಗುಡಿ ಕಟ್ಟಿದರೆ ತಪ್ಪೇನು?

ಪಾರ್ಕ್, ರಸ್ತೆಯಂಥ ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ, ಚರ್ಚ್, ಮಸೀದಿ ಯಾವುದನ್ನೂ ಕಟ್ಟಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿದೆ. ಈ ವಿಷಯ ಎತ್ತುವುದು ಕಷ್ಟ, ನೆರೆಹೊರೆಯವರ ಮನಸ್ಸು ಮುರಿಯುತ್ತದೆ. ಮೊದಲ ಇಟ್ಟಿಗೆ ಇಡುವ ಮುಂಚೆಯೇ ಮನೆಗೆ ಹೋಗಿ ಕೂತು ಮಾತಾಡಿ. ಗೋಡೆ ಎದ್ದ ಮೇಲೆ ಮಾತು ಜಗಳವಾಗುತ್ತದೆ.

ಒತ್ತುವರಿ ಆಗುತ್ತಿದೆ ಅಂತ ಅನುಮಾನ ಬಂದರೆ ಏನು ಮಾಡಬೇಕು?

ನಮ್ಮಲ್ಲಿ ಆದದ್ದು ಹೇಳುತ್ತೇನೆ. ಪಾರ್ಕ್‌ನ ಹಿಂದಿನ ಬೇಲಿಯ ಪಕ್ಕ ಮೊದಲು ಒಂದು ಟೆಂಪೊ ನಿಲ್ಲತೊಡಗಿತು. ಯಾರೂ ಏನೂ ಅನ್ನಲಿಲ್ಲ. ಆರು ತಿಂಗಳಿಗೆ ಟೆಂಪೊಗೆ ನೆರಳು ಅಂತ ಎರಡು ಶೀಟ್ ಬಂತು. ಮಳೆಗಾಲದಲ್ಲಿ ಶೀಟ್‌ಗೆ ಗೋಡೆ ಬಂತು. ಒಂದು ದಿನ ಬೆಳಿಗ್ಗೆ ನೋಡಿದರೆ ಗೋಡೆಯ ಮೇಲೆ ಹೊಸ ಕರೆಂಟ್ ಮೀಟರ್. ಬೇಲಿಯ ಮೂರು ಕಲ್ಲುಕಂಬ ಕಿತ್ತು ಒಳಗೆ ಸರಿಸಿದ್ದರು. ಕಂಬ ಮೊದಲು ಇದ್ದ ಗುಂಡಿಗಳಲ್ಲಿ ಇನ್ನೂ ಹಸಿ ಮಣ್ಣು ಕಾಣುತ್ತಿತ್ತು. ದೂರು ಕೊಡಲು ಹೋದರೆ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಪಾರ್ಕ್ ಅಳತೆ ಎಷ್ಟು?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ ಸಿಗಲು ನಾಲ್ಕು ತಿಂಗಳು, ಸರ್ವೆಗೆ ಇನ್ನೂ ಐದು ತಿಂಗಳು ಬೇಕಾಯಿತು. ಕೊನೆಗೆ ತೆರವಾಯಿತು. ಆದರೆ ಅಳತೆ ಮೊದಲೇ ಕೈಯಲ್ಲಿದ್ದಿದ್ದರೆ ಟೆಂಪೊ ನಿಂತ ವಾರವೇ ಮುಗಿಯುವ ಕೆಲಸ ಅದು.

ಆದ್ದರಿಂದ ಒತ್ತುವರಿ ಆಗುವ ಮೊದಲೇ ಇಷ್ಟು ಮಾಡಿಟ್ಟುಕೊಳ್ಳಿ. ಮಂಜೂರಾದ ಬಡಾವಣೆ ನಕ್ಷೆಯ ಪ್ರತಿ ತೆಗೆದಿಡಿ. ಸರ್ವೆ ನಂಬರ್ ಬರೆದಿಟ್ಟುಕೊಳ್ಳಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಫೋನ್‌ನಲ್ಲೇ ಸಿಗುತ್ತದೆ. ನಾಲ್ಕೂ ಮೂಲೆಯ ಫೋಟೊ ತೆಗೆದು ತಾರೀಖು ಹಾಕಿಡಿ. ಗಡಿ ಬಗ್ಗೆ ತಕರಾರು ಇದ್ದರೆ ಅಳೆದು ಗಡಿ ಗುರುತಿಸುವ ಹದ್ದುಬಸ್ತು ಸರ್ವೆಗೆ ಅರ್ಜಿ ಹಾಕಿಸಿ. ಸರ್ಕಾರಿ ಜಾಗದ ಕಬಳಿಕೆಗೆ 2011ರ ಭೂ ಕಬಳಿಕೆ ನಿಷೇಧ ಕಾಯ್ದೆ ಇದೆ, ಅದಕ್ಕೆ ಬೆಂಗಳೂರಿನಲ್ಲೇ ವಿಶೇಷ ನ್ಯಾಯಾಲಯವೂ ಇದೆ.

ನಮ್ಮದು ಹಳ್ಳಿ ಇದ್ದ ಜಾಗ, ಈಗ ಊರೊಳಗೆ ಸೇರಿಹೋಗಿದೆ. ಇಲ್ಲಿ ಪಾರ್ಕೇ ಇಲ್ಲವಲ್ಲ?

ಪಾರ್ಕ್ ಇಲ್ಲದಿರಬಹುದು, ಗುಂಡುತೋಪು ಇದ್ದಿರಲೇಬೇಕು ಅಂತ ಹುಡುಕಿ. ನನಗೆ ತುಂಬಾ ಹತ್ತಿರದ ವಿಷಯ ಇದು.

ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಕೆರೆಯ ಹತ್ತಿರವೋ ಊರ ಬಾಗಿಲಲ್ಲೋ ಎಲ್ಲರಿಗೂ ಸೇರಿದ ಒಂದು ಮರಗಳ ತೋಪು ಇರುತ್ತಿತ್ತು, ಅದೇ ಗುಂಡುತೋಪು. ಮಾವು, ಹಲಸು, ನೇರಳೆ, ಹುಣಸೆ, ಆಲ. ದನ ಮೇಯಿಸುವವರು, ಸಂತೆಗೆ ಹೋಗುವವರು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಜಾತ್ರೆಯೂ ಅಲ್ಲೇ, ಪಂಚಾಯ್ತಿಯೂ ಅಲ್ಲೇ. ಊರು ಬೆಳೆದು ಹಳ್ಳಿಯನ್ನು ನುಂಗಿದಾಗ ಈ ತೋಪುಗಳು ಯಾರ ಕಣ್ಣಿಗೂ ಬೀಳಲಿಲ್ಲ. ಕೆಲವು ಬಸ್ ನಿಲ್ದಾಣವಾದವು, ಕೆಲವು ಶಾಲೆಯಾದವು, ಕೆಲವು ಸೈಟುಗಳಾಗಿ ಮಾರಿಹೋದವು.

ಆದರೆ ಕಂದಾಯ ದಾಖಲೆ ಸುಲಭಕ್ಕೆ ಮರೆಯುವುದಿಲ್ಲ. ಗ್ರಾಮ ನಕ್ಷೆಯಲ್ಲಿ, ಪಹಣಿಯಲ್ಲಿ "ಗುಂಡುತೋಪು" ಅಂತ ಬರೆದಿರುತ್ತದೆ. ಇನ್ನೊಂದು ಪದ ನೆನಪಿಡಿ: ಖರಾಬು. ಸಾಗುವಳಿಗೆ ಬಾರದ ಜಾಗಕ್ಕೆ ಖರಾಬು ಅನ್ನುತ್ತಾರೆ. ಅದರಲ್ಲಿ ಎ ಮತ್ತು ಬಿ ಅಂತ ಎರಡು. ಬಿ ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಅದನ್ನು ಖಾಸಗಿಯವರು ತಮ್ಮದು ಅಂತ ಮಾರುವಂತಿಲ್ಲ. ನಿಮ್ಮ ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು "ಅಜ್ಜಾ, ತೋಪು ಎಲ್ಲಿತ್ತು?" ಅಂತ ಕೇಳಿ, ಆಮೇಲೆ ಗ್ರಾಮ ನಕ್ಷೆ ತೆರೆದು ನೋಡಿ. ಅವರು ಕೈ ತೋರಿಸಿದ ಕಡೆಯೇ ಒಂದು ಸರ್ವೆ ನಂಬರ್ ಸಿಕ್ಕಾಗ ಆಗುವ ಖುಷಿಯೇ ಬೇರೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಆ ಜಾಗಕ್ಕೆ ಬೇಲಿ ಹಾಕಿಸುವುದು, ಪಾಲಿಕೆಗೆ ಉದ್ಯಾನ ಮಾಡಲು ಕೇಳುವುದು ಆಮೇಲಿನ ಕೆಲಸ.

ಕಾಡಿನ ಜಾಗವನ್ನೂ ಪಾರ್ಕ್ ಮಾಡಿಬಿಟ್ಟರೆ ಒಳ್ಳೆಯದಲ್ವಾ?

ನನ್ನ ಮಟ್ಟಿಗೆ ಅಲ್ಲ. ಕನಕಪುರ ರಸ್ತೆ ಕಡೆಯ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ 2021ರಲ್ಲಿ ಜನ ಗುಂಪುಗೂಡಿ ಬೇಡ ಅಂದರು. ಯೋಜನೆ ಕೈಬಿಟ್ಟರು. ಅದು ಬಂಡೆ, ಕುರುಚಲು, ಹುಲ್ಲು ಇರುವ ಜಾಗ. ಅಲ್ಲಿ ಹಾದಿಗೆ ಕಲ್ಲು ಹಾಸಿ, ಬೆಂಚು ಇಟ್ಟು, ದೀಪ ಹಾಕಿದರೆ ನವಿಲಿಗೂ ಹಾವಿಗೂ ಇರಲು ಜಾಗ ಎಲ್ಲಿ? ಪಾರ್ಕ್ ನಮಗೆ ಬೇಕಾದದ್ದು, ಕಾಡು ಅವುಗಳಿಗೆ ಬೇಕಾದದ್ದು.

ದಿನದಿನದ ಕೆಲಸ ಯಾರು ಮಾಡುತ್ತಾರೆ?

ಪಾಲಿಕೆ ಟೆಂಡರ್ ಕರೆದು ಗುತ್ತಿಗೆದಾರರಿಗೆ ಕೊಡುತ್ತದೆ. ಗುತ್ತಿಗೆದಾರರು ಮಾಲಿಗಳನ್ನು ಇಡುತ್ತಾರೆ. ಕಸ ಗುಡಿಸುವುದು, ನೀರು ಹಾಕುವುದು, ಬೇಲಿ ಗಿಡ ಕತ್ತರಿಸುವುದು, ಗೇಟಿಗೆ ಬೀಗ ಹಾಕುವುದು ಎಲ್ಲ ಅವರದೇ.

ನಮ್ಮ ಪಾರ್ಕ್ ಮಾಲಿಯನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಬೆಳಿಗ್ಗೆ ಬಂದ ತಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೈಪ್‌ನ ಒಡೆದ ಜಾಗಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿಯುತ್ತಾರೆ. ದಿನಾ ಅದೇ ಜಾಗದಲ್ಲಿ ನೀರು ಚಿಮ್ಮುತ್ತದೆ, ದಿನಾ ಬಿಗಿಯುತ್ತಾರೆ. ಹೊಸ ಪೈಪ್ ಕೊಡಿಸುವುದು ಗುತ್ತಿಗೆದಾರರ ಕೆಲಸ. ಒಮ್ಮೆ ಮೂರು ತಿಂಗಳು ಸಂಬಳ ಬಂದಿರಲಿಲ್ಲ, ಆಗಲೂ ದಾಸವಾಳಕ್ಕೆ ನೀರು ತಪ್ಪಿಸಲಿಲ್ಲ. ಪಾರ್ಕ್ ಗಲೀಜಾಗಿದೆ ಅಂತ ಮಾಲಿಯ ಮೇಲೆ ಕೂಗಾಡುವ ಮೊದಲು ಟೆಂಡರ್‌ನಲ್ಲಿ ಎಷ್ಟು ಜನ ಅಂತ ಬರೆದಿದೆ, ಕೆಲಸಕ್ಕೆ ಎಷ್ಟು ಜನ ಬರುತ್ತಿದ್ದಾರೆ, ಎರಡನ್ನೂ ಎಣಿಸಿ. ದೂರು ಅಲ್ಲಿಂದ ಶುರುವಾಗಬೇಕು.

ಬೇಸಿಗೆಯಲ್ಲಿ ನೀರು ಎಲ್ಲಿಂದ ತರುವುದು?

ಕುಡಿಯುವ ಕಾವೇರಿ ನೀರನ್ನು ಗಿಡಕ್ಕೆ ಬಿಡಬಾರದು. 2024ರ ಮಾರ್ಚ್‌ನಲ್ಲಿ ಬರ ಬಂದಾಗ ಜಲಮಂಡಳಿ ಇದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಸಂಸ್ಕರಿಸಿದ ನೀರು ಟ್ಯಾಂಕರ್‌ನಲ್ಲಿ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಮಳೆಗಾಲದಲ್ಲೇ ಇಂಗುಬಾವಿ ತೋಡಿಡುವುದು. ಕಬ್ಬನ್ ಪಾರ್ಕ್‌ನಲ್ಲಿ ಬಾವಿ ತೋಡುವ ಕಸುಬಿನವರು ಹೂಳು ತುಂಬಿದ ಹಳೇ ಬಾವಿಗಳನ್ನು ಶುಚಿಮಾಡಿ, ಹೊಸದಾಗಿ ಇಂಗುಬಾವಿಗಳನ್ನೂ ತೋಡಿದ್ದಾರೆ. ಹೋದಾಗ ಬಗ್ಗಿ ನೋಡಿ, ನೀರು ಕಾಣುತ್ತದೆ.

ಒಣ ಎಲೆ ಸುಡಬಹುದಾ?

ಬೇಡ. ಹೊಗೆ ಕೆಟ್ಟದ್ದು, ಗೊಬ್ಬರವೂ ನಷ್ಟ. ಮೂಲೆಯಲ್ಲಿ ಒಂದು ಗುಂಡಿ ಸಾಕು, ಮುಂದಿನ ಮಳೆಗಾಲಕ್ಕೆ ಗೊಬ್ಬರ ಸಿದ್ಧ.

ಪಾರ್ಕ್‌ನ ಮರ ಕಡಿಯಲು ಯಾರ ಅನುಮತಿ ಬೇಕು?

ವೃಕ್ಷ ಅಧಿಕಾರಿಯದ್ದು, ಅಂದರೆ ಮರ ಕಡಿಯುವ ಅರ್ಜಿಗಳನ್ನು ನೋಡುವ ಅರಣ್ಯ ಅಧಿಕಾರಿಯದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪಾಲಿಕೆಗೂ ಅನ್ವಯಿಸುತ್ತದೆ, ನಿಮ್ಮ ಮನೆ ಅಂಗಳಕ್ಕೂ ಅನ್ವಯಿಸುತ್ತದೆ. ಯಾರಾದರೂ ಗರಗಸ ಹಿಡಿದು ಬಂದರೆ ಅನುಮತಿ ಪತ್ರ ತೋರಿಸಿ ಅನ್ನಿ. ಎಷ್ಟು ಮರಕ್ಕೆ, ಯಾವ ಮರಕ್ಕೆ ಅಂತ ಅದರಲ್ಲಿ ಇರುತ್ತದೆ. ಒಣಗಿದ ಕೊಂಬೆ ಬೀಳುವ ಹಾಗಿದ್ದರೆ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ.

ಪಾರ್ಕ್ ತೆರೆಯುವ ಸಮಯ?

ಹಿಂದೆ ಮಧ್ಯಾಹ್ನ ಬೀಗ ಹಾಕುತ್ತಿದ್ದರು. 2024ರಿಂದ ಪಾಲಿಕೆ ಪಾರ್ಕ್‌ಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡುವ ಡೆಲಿವರಿ ಹುಡುಗರಿಗೆ, ಮನೆಕೆಲಸದ ಹೆಂಗಸರಿಗೆ ಇದು ದೊಡ್ಡ ಉಪಕಾರ. ನಿಮ್ಮಲ್ಲಿ ಇನ್ನೂ ಬೀಗ ಬೀಳುತ್ತಿದ್ದರೆ ಅದನ್ನು ತೆಗೆಸಿ.

ಅನುದಾನ ಬಂದಿದೆ, ಏನು ಹಾಕಿಸೋಣ?

ಮೊದಲು ಮಣ್ಣು ಮುಚ್ಚಬೇಡಿ. ಅನುದಾನ ಬಂತು ಅಂದರೆ ಕಾಂಕ್ರೀಟ್ ಹಾದಿ, ಗ್ರಾನೈಟ್ ಕಟ್ಟೆ, ಕಾರಂಜಿ ಅಂತ ಪಟ್ಟಿ ತಯಾರಾಗುತ್ತದೆ. ಕಾರಂಜಿ ಒಂದೇ ವರ್ಷಕ್ಕೆ ಕೆಡುತ್ತದೆ, ಆಮೇಲೆ ಸೊಳ್ಳೆ ಸಾಕುತ್ತದೆ. ನಾನು ಕೇಳುವುದು ನಾಲ್ಕು: ಕೆಲಸಕ್ಕೆ ಬರುವ ಶೌಚಾಲಯ, ಕುಡಿಯುವ ನೀರು, ಬೆಳಕು, ನೆರಳು ಕೊಡುವ ಮರ. ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್ ಈ ಊರಿನ ರಸ್ತೆಗಳಿಗೆ ಒಂದರ ಹಿಂದೆ ಒಂದು ಹೂಬಿಡುವ ಹಾಗೆ ಮರಗಳನ್ನು ಆರಿಸಿದರು. ನೂರು ವರ್ಷದ ಆಚೆಗೂ ಆ ಯೋಚನೆ ಮಾರ್ಚ್ ತಿಂಗಳಲ್ಲಿ ನಮ್ಮ ಕಣ್ಣ ಮುಂದೆ ಅರಳುತ್ತಿದೆ. ನಾವು ಒಂದು ಹೊಂಗೆ, ಒಂದು ನೇರಳೆಯಾದರೂ ನೆಡೋಣ.

ಯಾವುದಕ್ಕೆ ಖರ್ಚು ಅಂತ ಹೇಳಬೇಕಾದ ಜಾಗ ವಾರ್ಡ್ ಸಮಿತಿ ಸಭೆ. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪಾಲಿಕೆ ಚುನಾವಣೆ ನಡೆಯಲಿಲ್ಲ. ಅಂಥ ಹೊತ್ತಿನಲ್ಲಿ ಈ ಸಭೆಯೂ ಖಾಲಿ ಇದ್ದರೆ ನಮ್ಮ ಮಾತು ಹೇಳುವವರೇ ಇಲ್ಲ. ಹೋಗಿ, ಮಾತಾಡಿ, ನಡಾವಳಿಯಲ್ಲಿ ಬರೆಸಿ ಬನ್ನಿ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಏನು ಕೇಳಬೇಕು?

ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ದಾಖಲೆ ಕೇಳಿ. ಹೀಗೆ ಬರೆಯಬಹುದು: "ಇಂಥ ಬಡಾವಣೆಯ ಇಂಥ ಅಡ್ಡರಸ್ತೆಯ ಉದ್ಯಾನದ ಮಂಜೂರಾದ ನಕ್ಷೆ, ಹಸ್ತಾಂತರ ಪತ್ರ ಮತ್ತು ಈಗಿನ ನಿರ್ವಹಣಾ ಗುತ್ತಿಗೆಯ ಕರಾರಿನ ದೃಢೀಕೃತ ಪ್ರತಿ ಕೊಡಿ." ಮೂರು ಕಾಗದ ಬಂದರೆ ಪಾರ್ಕ್‌ನ ಜಾತಕವೇ ಕೈಗೆ ಬಂದ ಹಾಗೆ.

ಪಾರ್ಕ್‌ನಲ್ಲಿ ಚೆಂಡಾಡಬಾರದು ಅಂತ ಬೋರ್ಡ್ ಹಾಕಿದ್ದಾರೆ. ಮಕ್ಕಳು ಎಲ್ಲಿಗೆ ಹೋಗಬೇಕು?

ಮತ್ತೆ ನಕ್ಷೆ ತೆರೆಯಿರಿ. ಪಾರ್ಕ್ ಬೇರೆ, ಆಟದ ಮೈದಾನ ಬೇರೆ ಅಂತ ಅದರಲ್ಲಿ ಗುರುತು ಇರಬಹುದು. ಒತ್ತುವರಿ ಗಲಾಟೆಗೆ ಅಂತ ನಾವು ತೆಗೆಸಿದ ನಕ್ಷೆಯಲ್ಲೇ ಎರಡು ಬೀದಿ ಆಚೆ "ಆಟದ ಮೈದಾನ" ಅಂತ ಒಂದು ಚೌಕ ಕಂಡಿತು. ಹೋಗಿ ನೋಡಿದರೆ ಮನೆ ಒಡೆದ ಡೆಬ್ರಿ ಗುಡ್ಡೆ, ಮೇಲೆ ಎಕ್ಕದ ಗಿಡ. ಹನ್ನೊಂದು ಲಾರಿ ಡೆಬ್ರಿ ಸಾಗಿಸಬೇಕಾಯಿತು. ಈಗ ಸಂಜೆ ನಾಲ್ಕಕ್ಕೆ ಶಾಲೆ ಬ್ಯಾಗ್‌ಗಳು ಗೋಡೆ ಬದಿಗೆ ಸಾಲಾಗಿ ಬೀಳುತ್ತವೆ, ಮೂರು ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿಕೊಳ್ಳುತ್ತಾರೆ.